ಚಿತ್ರಕಥೆಯ ರೇಖೆಗಾರನೂ ಇತಿಹಾಸದ ಮೌನವೂ

ಇತಿಹಾಸವನ್ನು ಬೋಧಿಸತಕ್ಕವರು ಮಕ್ಕಳ ಚಿತ್ರಕಥೆಯ ಪುಸ್ತಕಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ಸಮಂಜಸವಾಗಿ ತೋರಲಿಕ್ಕಿಲ್ಲ. ಶಾಸನ, ಕಡತ, ಬಖೈರು, ನಾಣ್ಯಗಳನ್ನು ಬದಿಗಿರಿಸಿ 32 ಪುಟಗಳ ಬಣ್ಣದ ಪುಸ್ತಿಕೆಯ ಕಡೆಗೆ ತಿರುಗುವುದು ಶಾಸ್ತ್ರದ ಗಾಂಭೀರ್ಯಕ್ಕೆ ಕುಂದೆಂದು ಅವರು ಭಾವಿಸಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಊರುಗಳಿಂದ ಬರುವ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬಿಜ್ಜಳನ ಓಲಗ ಹೇಗಿದ್ದಿತೆಂದು ಕೇಳಿದರೆ ಈ ವಿದ್ಯಾರ್ಥಿಗಳು ತಡವರಿಸುವುದಿಲ್ಲ. ಅಂಚಿನಲ್ಲಿ ಅಲೆಯಲೆಯಾಗಿ ಕತ್ತರಿಸಿದ ಕಮಾನು, ಮೊಳಕಾಲಿನ ಕೆಳಗಿಳಿದ ಅಂಗರಖಾ, ಮುತ್ತಿನ ತುರಾಯಿಯ ಪಗಡಿ, ದೂತನ ಕೈಯಲ್ಲಿ ಸುರುಳಿ ಸುತ್ತಿದ ಕಾಗದ, ಇವೆಲ್ಲವನ್ನೂ ಅವರು ಕಣ್ಣಾರೆ ಕಂಡವರಂತೆ ವರ್ಣಿಸುತ್ತಾರೆ. ಈ ವರ್ಣನೆ 17-18ನೆಯ ಶತಮಾನದ ಯಾವುದಾದರೊಂದು ದರಬಾರಿಗೆ ಸಲ್ಲತಕ್ಕದ್ದು. 12ನೆಯ ಶತಮಾನದ ಕಲ್ಯಾಣಕ್ಕೂ ಇದಕ್ಕೂ ಐದು ನೂರು ವರ್ಷಗಳ ಅಂತರವಿದೆ.

ಇಂಥ ವರ್ಣನೆಯನ್ನು ಅವರು ಪಠ್ಯಪುಸ್ತಕದಲ್ಲಿ ಓದಿದವರಲ್ಲ. ಚಿತ್ರಗಳಲ್ಲಿ ನೋಡಿದ್ದಾರೆ, ತಾವು ನೋಡದಿದ್ದರೆ ಅವರ ತಂದೆತಾಯಿಗಳು ನೋಡಿದ್ದಾರೆ. ಅದೇ ಚಿತ್ರಗಳು ಮುಂದೆ ದೂರದರ್ಶನದ ಧಾರಾವಾಹಿಗಳಿಗೂ ಶಾಲೆಯ ವಾರ್ಷಿಕೋತ್ಸವದ ವೇಷಭೂಷಣಕ್ಕೂ ಈಚೆಗೆ ಕೈಫೋನಿನ ಪರದೆಗೂ ಸಾಗಿ ಬಂದಿವೆ. ಆದುದರಿಂದ ಈ ಕಣ್ಣನ್ನು ಕೊಟ್ಟವರು ಯಾರು, ಯಾವ ಸ್ಥಿತಿಯಲ್ಲಿ ಕುಳಿತು ಕೊಟ್ಟರು ಎಂದು ವಿಚಾರಿಸುವುದು ಇತಿಹಾಸದ ಅಧ್ಯಾಪಕರ ಕರ್ತವ್ಯದೊಳಗೇ ಬರುತ್ತದೆಂದು ನಾವು ತಿಳಿಯುತ್ತೇವೆ.

ಭಾರತೀಯ ಚಿತ್ರಕಥೆಗಳ ಮೇಲೆ ವಿದ್ವತ್‌ಗ್ರಂಥಗಳು ಇಲ್ಲವೆಂದಲ್ಲ. ಅಮರ ಚಿತ್ರಕಥಾ ಮಾಲೆಯನ್ನು ಕುರಿತು ನಂದಿನಿ ಚಂದ್ರ ಅವರು 2008ರಲ್ಲಿಯೂ ಕಾರ್ಲೈನ್ ಮೆಕ್ಲೇನ್ ಅವರು 2009ರಲ್ಲಿಯೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. ಮಾಲೆಯ ಧೋರಣೆ ಯಾವುದು, ಯಾರನ್ನು ವೀರರೆಂದು ಎತ್ತಿ ಹಿಡಿಯಿತು, ಯಾರನ್ನು ಕತ್ತಲೆಯಲ್ಲಿ ಬಿಟ್ಟಿತು ಎಂಬ ಚರ್ಚೆ ಈ ಬಗೆಯ ಅಧ್ಯಯನಗಳಿಂದ ಮುಂದುವರಿದಿದೆ. ಕನ್ನಡದಲ್ಲಿ ಆ ಚರ್ಚೆಯ ಪ್ರತಿಧ್ವನಿಯಷ್ಟೇ ಕೇಳುತ್ತದೆ. ಅದೂ ಸಂಪಾದಕನನ್ನು ಹೊಗಳುವುದರಲ್ಲಿ ಅಥವಾ ತೆಗಳುವುದರಲ್ಲಿ ಮುಗಿಯುತ್ತದೆ. ಚಿತ್ರವನ್ನು ಬರೆದ ಕೈಯ ವಿಚಾರವನ್ನು ನಾವು ಎತ್ತುವುದೇ ಇಲ್ಲ. ಪ್ರಕೃತ ಲೇಖನದಲ್ಲಿ ಆ ಕೈಯ ದುಡಿಮೆಯನ್ನು ಮೊದಲು ಪರಿಶೀಲಿಸಿ, ಅನಂತರ ಚಿತ್ರದ ಗುಣದೋಷಗಳಿಗೆ ಬರಬೇಕೆಂದು ನಮ್ಮ ಉದ್ದೇಶ.

ಈ ಮಾಲೆಯ ಮೂಲಕ್ಕೂ ಕನ್ನಡಕ್ಕೂ ಇರುವ ಸಂಬಂಧ ಎಲ್ಲರಿಗೂ ತಿಳಿದಂತಿಲ್ಲ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ದಿಲ್ಲಿಯ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದನ್ನು ನೋಡಿದರೆಂದೂ, ಅದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದದ್ದು ಅವರ ಮನಸ್ಸಿಗೆ ತಾಗಿತೆಂದೂ ಎಲ್ಲರೂ ಬರೆಯುತ್ತಾರೆ. ಇಂಗ್ಲಿಷ್ ಮಾಲೆ 11ನೆಯ ಸಂಖ್ಯೆಯಾದ 'ಕೃಷ್ಣ'ದಿಂದ ಆರಂಭವಾಗುವುದನ್ನು ಮಾತ್ರ ಹೆಚ್ಚು ಮಂದಿ ಗಮನಿಸುವುದಿಲ್ಲ. ಮೊದಲ ಹತ್ತು ಸಂಖ್ಯೆಗಳು ಕನ್ನಡದಲ್ಲಿದ್ದವು. ಪಾಶ್ಚಾತ್ಯ ಮಕ್ಕಳ ಕಥೆಗಳು ಅವು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರು 1965ರಲ್ಲಿಯೇ ಈ ಕೆಲಸಕ್ಕೆ ಕೈಹಾಕಿದ್ದರು. ಮಾಲೆಯ ಜನಕ ಯಾರೆಂಬ ವಾದದಲ್ಲಿ ನಮಗೆ ಆಸಕ್ತಿಯಿಲ್ಲ. ನಮ್ಮ ಲೆಕ್ಕಕ್ಕೆ ಮುಖ್ಯವಾದುದು ಬೇರೆ: ಹನ್ನೊಂದನೆಯ ಸಂಖ್ಯೆಯ ಆ ಕೃಷ್ಣನನ್ನು ಬರೆದವರು ರಾಮ್ ವಾಯೀರ್ಕರ್. ಅನಂತ ಪೈ ಅವರ ಹೆಸರನ್ನು ಬಲ್ಲ ನೂರು ಜನರಲ್ಲಿ ವಾಯೀರ್ಕರರ ಹೆಸರನ್ನು ಬಲ್ಲವರು ಎಷ್ಟು ಮಂದಿ ಸಿಕ್ಕಾರು?

ವಾಯೀರ್ಕರ್, ಪುಣೆಯ ಪ್ರತಾಪ ಮುಳೀಕ, ಹೆಸರಿನಲ್ಲಿಯೇ ಬೆಂಗಳೂರನ್ನು ಹೊತ್ತ ಯೂಸುಫ್ ಬೆಂಗಳೂರ್‌ವಾಲಾ, ದಿಲೀಪ ಕದಂ ಮೊದಲಾದವರ ಕೈಯಿಂದ ಈ ಮಾಲೆ ಬೆಳೆಯಿತು. ಇಂಥ ಚಿತ್ರಕಾರರು ಬಹುಮಟ್ಟಿಗೆ ಬಿಡಿಗೆಲಸದವರು. ತಿಂಗಳ ಸಂಬಳವಿಲ್ಲದೆ ಪುಸ್ತಕಕ್ಕಿಷ್ಟು, ಪುಟಕ್ಕಿಷ್ಟು ಎಂದು ಹಣ ಪಡೆಯುವವರು. ಇದಕ್ಕೆ ಎದುರಾಗಿ ಚಂದಮಾಮದ ವ್ಯವಸ್ಥೆಯನ್ನು ಇಟ್ಟು ನೋಡಬೇಕು. 1947ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಹೊರಟು 1949ರಲ್ಲಿ ಕನ್ನಡಕ್ಕೂ ಬಂದ ಆ ಮಾಸಪತ್ರಿಕೆ ಚಿತ್ರಕಾರರನ್ನು ಮದರಾಸಿನ ತನ್ನ ಕಚೇರಿಯಲ್ಲಿ ಸಂಬಳ ಕೊಟ್ಟು ಕೂಡಿಸಿಕೊಂಡಿತ್ತು. ವಿಕ್ರಮ-ಬೇತಾಳರ ಚಿತ್ರದಿಂದ ಮನೆಮಾತಾದ ಶಂಕರ್, ಅಂದರೆ ಕೆ. ಸಿ. ಶಿವಶಂಕರನ್, 1952ರಲ್ಲಿ ಅಲ್ಲಿ ಸೇರಿ ದಶಕಗಳ ಕಾಲ ಬರೆದರು. 2020ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಮಹಾಭಾರತದ ಪ್ರಸಂಗಗಳನ್ನು ಚಂದಮಾಮದ ಮುಖಪುಟಗಳಿಗೆ ಬರೆದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು, ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ಚಂದಮಾಮದ ಚಿತ್ರಗಳಲ್ಲಿ ಕಾಣುವ ನಿಧಾನ, ಗಿಡದ ಎಲೆ ಎಲೆಯನ್ನೂ ಬಿಡಿಸಿ ತೋರಿಸುವ ತಾಳ್ಮೆ ಶೈಲಿಯ ಗುಣವೆಂದು ನಾವು ಹೊಗಳುತ್ತೇವೆ. ಅದರಲ್ಲಿ ಸಂಬಳದ ಪಾಲೂ ಇದೆ. ತಿಂಗಳ ಕೊನೆಗೆ ಅಕ್ಕಿಯ ಚಿಂತೆಯಿಲ್ಲದವನ ಕುಂಚ ಬೇರೆ ರೀತಿಯಲ್ಲಿ ಚಲಿಸುತ್ತದೆ.

ಬಿಡಿಗೆಲಸದ ಚಿತ್ರಕಾರನ ದುಡಿಮೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 32 ಪುಟಗಳಲ್ಲಿ ಕಥೆಗೆ ಸುಮಾರು 30 ಪುಟಗಳು ಸಲ್ಲುತ್ತವೆ. ಪುಟಕ್ಕೆ ಐದು ಆರು ಚೌಕಟ್ಟುಗಳೆಂದರೂ 150ರಿಂದ 180 ಚಿತ್ರಗಳಾದವು. ಒಂದೊಂದಕ್ಕೆ ಸೀಸದಕಡ್ಡಿಯ ಕೆಲಸವನ್ನೂ ಮಸಿಯ ಕೆಲಸವನ್ನೂ ಕೂಡಿಸಿ ಎರಡು ತಾಸು ಹಿಡಿದರೆ 300ರಿಂದ 360 ತಾಸು; ದಿನಕ್ಕೆ ಎಂಟು ತಾಸಿನಂತೆ 38ರಿಂದ 45 ದಿನ. ಈ ಒಂದೂವರೆ ತಿಂಗಳಲ್ಲಿ ಜ್ವರ ಬರಕೂಡದು, ಮನೆಯಲ್ಲಿ ಮದುವೆಯಾಗಕೂಡದು, ಸಂಪಾದಕನು ಪುಟವನ್ನು ತಿರುಗಿ ಕಳಿಸಕೂಡದು. ಈ ಲೆಕ್ಕದಲ್ಲಿ ಓದಿಗೆ, ದೇವಾಲಯವನ್ನೋ ವಸ್ತುಸಂಗ್ರಹಾಲಯವನ್ನೋ ನೋಡಿ ಬರುವ ಪ್ರವಾಸಕ್ಕೆ ಒಂದು ತಾಸನ್ನೂ ನಾವು ಇಟ್ಟಿಲ್ಲ. ಪುಟದ ಲೆಕ್ಕದಲ್ಲಿ ಹಣ ಬರುವಾಗ ಆ ತಾಸುಗಳೆಲ್ಲ ಚಿತ್ರಕಾರನ ಕೈಯಿಂದಲೇ ಹೋಗತಕ್ಕವು. ಪ್ರತಾಪ ಮುಳೀಕರು ಅಮರ ಚಿತ್ರಕಥೆಗೆ ಪುರಾಣ ಮತ್ತು ಇತಿಹಾಸದ ಪುಟಗಳನ್ನು ಬರೆದವರೇ. 1986ರಲ್ಲಿ ದಿಲ್ಲಿಯ ರಾಜ್ ಕಾಮಿಕ್ಸಿನ 'ನಾಗರಾಜ'ನೆಂಬ ಅದ್ಭುತ ವೀರನನ್ನು ಮೊದಲು ಚಿತ್ರಿಸಿದವರೂ ಅವರೇ. ಒಂದೇ ಕೈ ಇತಿಹಾಸಕ್ಕೂ ಹಾವಿನ ಮನುಷ್ಯನಿಗೂ ದುಡಿಯಿತು. ಇದರಲ್ಲಿ ನಗುವಂಥದೇನೂ ಇಲ್ಲ. ಒಂದು ಮನೆ ನಡೆಯಬೇಕಾದರೆ ಒಂದೇ ಪ್ರಕಾಶಕನನ್ನು ನಂಬಿ ಕೂಡ್ರುವುದು ಬಿಡಿಗೆಲಸದವನಿಗೆ ಸಾಧ್ಯವಿಲ್ಲ.

ಕೆಲಸದ ಕ್ರಮ ಹೀಗೆ. ಬೇರೊಬ್ಬರು ಬರೆದ ಕಥನಪತ್ರ ಚಿತ್ರಕಾರನ ಕೈಗೆ ಬರುತ್ತದೆ. ಅದರಲ್ಲಿ ಚೌಕಟ್ಟು ಚೌಕಟ್ಟಿಗೂ ಪ್ರಸಂಗ ಯಾವುದು, ಮಾತು ಯಾವುದು ಎಂಬ ಸೂಚನೆಯಿರುತ್ತದೆ. ಚಿತ್ರಕಾರನು ಮೊದಲು ಬೆರಳಿನಷ್ಟು ಸಣ್ಣ ಗುರುತುಗಳಲ್ಲಿ ಇಡೀ ಪುಟವನ್ನು ಹಂಚಿಕೊಳ್ಳುತ್ತಾನೆ. ಎಲ್ಲಿ ದೂರದ ನೋಟ, ಎಲ್ಲಿ ಮುಖದ ಸಮೀಪದ ನೋಟ, ಓದುಗನ ಕಣ್ಣು ಎಡದಿಂದ ಬಲಕ್ಕೆ ಸರಿದು ಕೆಳಗಿಳಿಯುವಾಗ ಎಲ್ಲಿ ತಂಗಬೇಕು ಎಂಬುದು ಇಲ್ಲಿಯೇ ನಿಶ್ಚಯವಾಗುತ್ತದೆ. ಚಿತ್ರಕಾರನ ಬುದ್ಧಿ ಹೆಚ್ಚಾಗಿ ವೆಚ್ಚವಾಗುವುದು ಈ ಗುರುತುಗಳಲ್ಲಿ. ಅಚ್ಚಾದ ಪುಟದಲ್ಲಿ ಅವು ಕಾಣುವುದೇ ಇಲ್ಲ. ಬಳಿಕ ಅಚ್ಚಿಗಿಂತ ದೊಡ್ಡ ಹಾಳೆಯ ಮೇಲೆ ಸೀಸದ ರೇಖೆ. ಮಾತಿನ ಗುಳ್ಳೆಗಳಿಗೆ ಸ್ಥಳ ಬಿಡಬೇಕು; ಬಿಡದಿದ್ದರೆ ರಾಜನ ಕಿರೀಟದ ಮೇಲೆ ಮಾತು ಬಂದು ಕುಳಿತೀತು. ಸಂಪಾದಕನು ಒಪ್ಪಿದ ಮೇಲೆ ಕುಂಚ, ಲೆಕ್ಕಣಿಕೆ, ಕರಿಯ ಮಸಿ. ತಪ್ಪಿದ ಕಡೆ ಬಿಳಿಯ ಬಣ್ಣದ ತೇಪೆ. ಅನಂತರ ವರ್ಣಸೂಚಿ, ಕೊನೆಗೆ ಛಾಯಾಚಿತ್ರದಿಂದ ಕುಗ್ಗಿಸಿ ಮುದ್ರಣ. ಆರಂಭದ ಸಂಚಿಕೆಗಳಲ್ಲಿ ಖರ್ಚಿನ ಕಾರಣದಿಂದ ಹಳದಿ, ನೀಲಿ, ಹಸಿರುಗಳಿಂದಲೇ ಬಹುತೇಕ ಕೆಲಸ ಸಾಗಿಸಿದರು. ನಾಲ್ಕು ಬಣ್ಣಗಳ ಪೂರ್ಣ ಮುದ್ರಣ ಆಮೇಲೆ ಬಂದದ್ದು.

ಇಷ್ಟನ್ನು ತಿಳಿದ ಮೇಲೆ ನಮ್ಮ ಮುಖ್ಯ ವಾದಕ್ಕೆ ಬರಬಹುದು. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಸೇರಿದರೆಂದು ಇತಿಹಾಸಕಾರನು ಒಂದು ವಾಕ್ಯ ಬರೆಯುತ್ತಾನೆ, ಮುಂದಿನ ವಾಕ್ಯಕ್ಕೆ ಹೋಗುತ್ತಾನೆ. ಆ ಭಂಡಾರದ ಕೋಣೆಗೆ ಕಿಟಕಿಯಿತ್ತೆ, ಲೆಕ್ಕವನ್ನು ಯಾವುದರ ಮೇಲೆ ಬರೆಯುತ್ತಿದ್ದರು, ಕುಳಿತದ್ದು ಚಾಪೆಯ ಮೇಲೋ ಮಣೆಯ ಮೇಲೋ, ಹೊದ್ದದ್ದೇನು, ದೀಪ ಎಲ್ಲಿತ್ತು ಎಂಬುದನ್ನು ಅವನು ಹೇಳುವುದಿಲ್ಲ. ಆಧಾರವಿಲ್ಲದೆಡೆಯಲ್ಲಿ ಮೌನವಾಗಿರುವುದು ಅವನ ಶಾಸ್ತ್ರಧರ್ಮ. ಕಥನಪತ್ರವನ್ನು ಬರೆದವರೂ ಅವನ ಹಿಂದೆಯೇ ಮೌನವಾಗಿ ದಾಟಿ ಹೋಗುತ್ತಾರೆ. ಚಿತ್ರಕಾರನಿಗೆ ಈ ಸೌಕರ್ಯವಿಲ್ಲ. ಬಿಳಿಯ ಚೌಕಟ್ಟು ಅವನ ಮುಂದಿದೆ; ಅದರಲ್ಲಿ ಗೋಡೆ ಬರಬೇಕು, ನೆಲ ಬರಬೇಕು, ಕಾಲಿನ ಬೆರಳುಗಳು ಬರಬೇಕು. ಬಸವಣ್ಣನವರ ಸಮಕಾಲೀನ ಭಾವಚಿತ್ರ ಒಂದೂ ಉಳಿದಿಲ್ಲವೆಂದು ನಾವು ತರಗತಿಯಲ್ಲಿ ಹೇಳಿ ಮುಗಿಸಬಹುದು. ಅವನು ಮೂಗನ್ನು ಬರೆಯಲೇಬೇಕು! ಒಂದು ಪುಸ್ತಕದಲ್ಲಿ 150 ಸಲ ಈ ಮೌನವನ್ನು ಅವನು ಮುರಿಯಬೇಕಾಗುತ್ತದೆ. ಅದೂ ಪುಟದ ಲೆಕ್ಕದ ಹಣಕ್ಕೆ, ಗಡುವಿನೊಳಗೆ.

ಹೀಗಿರುವಾಗ ಅವನು ಏನು ಮಾಡುತ್ತಾನೆ? ಕೈಗೆ ಸಿದ್ಧವಾಗಿ ಸಿಗುವ ಅಚ್ಚನ್ನು ಎತ್ತಿಕೊಳ್ಳುತ್ತಾನೆ. ರಾಜಾ ರವಿವರ್ಮನ ಮುದ್ರಿತ ಚಿತ್ರಗಳು, ಕಲಬುರಗಿಯಿಂದ ಮುಂಬಯಿಗೆ ಹೋಗಿ ಹೆಸರಾದ ಎಸ್. ಎಂ. ಪಂಡಿತರ ಪಂಚಾಂಗಚಿತ್ರಗಳು, ಪೌರಾಣಿಕ ಚಲಚ್ಚಿತ್ರಗಳ ರಂಗಸಜ್ಜು, ಅಮೇರಿಕದ ಚಿತ್ರಕಥೆಗಳ ಮಾಂಸಲವಾದ ಮೈಕಟ್ಟು, ಇವು ಅವನ ಸುತ್ತಲೂ ಇದ್ದವು. ಅಲೆಯಂಚಿನ ಕಮಾನು ಬಂದದ್ದು ಈ ಮಾರ್ಗದಿಂದ. ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡದಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ತಿಗುರಿಯಲ್ಲಿ ತಿರುಗಿಸಿದಂತೆ ನುಣುಪಾದ ಆ ಕಂಬಗಳನ್ನು ನಮ್ಮ ಸೀಮೆಯ ಯಾವ ಹಳೆಯ ಗುಡಿಯಲ್ಲಿಯಾದರೂ ನೋಡಬಹುದು. ಆಗ ಲೆಕ್ಕ ಬರೆಯುತ್ತಿದ್ದುದು ತಾಳೆಯ ಗರಿಯ ಮೇಲೆ, ಕಬ್ಬಿಣದ ಕಂಠದಿಂದ. ಕಾಗದದ ಸುರುಳಿಯನ್ನು ಕರಣಿಕನ ಕೈಗೆ ಕೊಟ್ಟರೆ ಬರೆಯುವವನ ಬೆರಳು, ಮಣಿಕಟ್ಟು, ಕುಳಿತ ಭಂಗಿ ಎಲ್ಲವೂ ಸುಳ್ಳಾಗುತ್ತವೆ. ಗರಿಯ ಮೇಲೆ ಕೊರೆಯುವವನು ಎಡಗೈಯಲ್ಲಿ ಗರಿಯನ್ನು ಹಿಡಿದು ಎಡಗೈ ಹೆಬ್ಬೆರಳಿನಿಂದ ಕಂಠಕ್ಕೆ ಆಸರೆ ಕೊಡುತ್ತಾನೆ. ಈ ಒಂದು ವಿವರವನ್ನು ಚಿತ್ರಕಾರನಿಗೆ ತಿಳಿಸಿದ್ದರೆ ಒಂದು ಚೌಕಟ್ಟು ನೂರು ವಾಕ್ಯಗಳಿಗಿಂತ ಹೆಚ್ಚಿನ ಪಾಠ ಹೇಳುತ್ತಿತ್ತು. ತಿಳಿಸಬೇಕಾದವರು ಯಾರು? ನಾವೇ, ಅಂದರೆ ಇತಿಹಾಸದ ಅಧ್ಯಾಪಕರು. ಅರಮನೆಯ ವಂಶಾವಳಿಯನ್ನು ಶೋಧಿಸುವುದರಲ್ಲಿ ನಾವು ಕಳೆದ ಕಾಲದ ಹತ್ತರಲ್ಲೊಂದು ಪಾಲನ್ನು ಉಡುಪು, ಪಾತ್ರೆ, ಹಾಸಿಗೆ, ಹೂಜಿಗಳ ಶೋಧಕ್ಕೆ ಕೊಟ್ಟವರಲ್ಲ.

ನಿಪ್ಪಾಣಿಯ ವಿದ್ಯಾರ್ಥಿಗಳಿಗೆ ಒಂದು ಉದಾಹರಣೆ ಬೇಗ ತಿಳಿದೀತು. ಹೊಗೆಸೊಪ್ಪಿನ ಪೇಟೆಯಲ್ಲಿ ಬೆಳೆದವರಿಗೆ ಹೊಗೆಸೊಪ್ಪು ಅನಾದಿಯಿಂದಲೂ ಇಲ್ಲಿದ್ದಿತೆಂದು ತೋರುವುದು ಸಹಜ. ಅದು ಪೋರ್ಚುಗೀಜರ ಮೂಲಕ ದಖನ್ನಿಗೆ ಬಂದ ಪದಾರ್ಥ. ಅಕ್ಬರನ ಕಡೆಯ ಅಸದ್ ಬೇಗನು 17ನೆಯ ಶತಮಾನದ ಆರಂಭದಲ್ಲಿ ವಿಜಾಪುರದಲ್ಲಿ ಅದನ್ನು ಮೊದಲ ಸಲ ಕಂಡು, ಬಾದಶಹನಿಗೆ ತೋರಿಸಲೆಂದು ಒಯ್ದ ವೃತ್ತಾಂತ ಪ್ರಸಿದ್ಧವಾಗಿದೆ. ಆದ್ದರಿಂದ ಚಾಂದಬೀಬಿಯ ಕಾಲಕ್ಕಿಂತ ಹಿಂದಿನ ಯಾವ ಅರಸನ ಪಕ್ಕದಲ್ಲಿಯೂ ಹುಕ್ಕಾ ಬರಕೂಡದು. ಮೆಣಸಿನಕಾಯಿಯೂ ಹಾಗೆಯೇ. ಹಂಪೆಯ ಪೇಟೆಯಲ್ಲಿ ಹಕ್ಕ-ಬುಕ್ಕರ ಕಾಲಕ್ಕೆ ಕೆಂಪು ಮೆಣಸಿನಕಾಯಿಯ ರಾಶಿಯನ್ನು ಬರೆದರೆ ಬಣ್ಣಕ್ಕೆ ಚೆಂದ, ಕಾಲಕ್ಕೆ ಅಸಂಗತ. ಇಂಥ ಪರೀಕ್ಷೆಗಳನ್ನು ವಿದ್ಯಾರ್ಥಿಗಳ ಕೈಯಿಂದ ಮಾಡಿಸಿದರೆ ಅವರು ಚಿತ್ರವನ್ನೂ ಆಧಾರವನ್ನೂ ಒಟ್ಟಿಗೆ ಓದುವುದನ್ನು ಕಲಿಯುತ್ತಾರೆ. ವಂಶಾವಳಿಯ ಬಾಯಿಪಾಠಕ್ಕಿಂತ ಹೆಚ್ಚು ಉತ್ಸಾಹದಿಂದ ಕಲಿಯುತ್ತಾರೆಂದೂ ನಾವು ಹೇಳಬಲ್ಲೆವು.

ಆಧಾರಗಳು ದೂರದಲ್ಲಿಲ್ಲ. ಕೃಷ್ಣೆಯ ದಡದಲ್ಲಿ, ಈಗಿನ ರಾಜ್ಯದ ಗಡಿಯ ಆಚೆಗೆ, ಖಿದ್ರಾಪುರದ ಕೋಪೇಶ್ವರ ದೇವಾಲಯವಿದೆ. ಶಿಲಾಹಾರರ ಕಾಲದ 12ನೆಯ ಶತಮಾನದ ಕಟ್ಟಡ. ಯಾದವ ಸಿಂಘಣನ 13ನೆಯ ಶತಮಾನದ ಶಾಸನವೂ ಅಲ್ಲಿದೆ. ಅಧಿಷ್ಠಾನದ ಸುತ್ತ ಆನೆಗಳ ಸಾಲು, ಅದರ ಮೇಲೆ ಸ್ತ್ರೀಪುರುಷರ ಮೂರ್ತಿಗಳು. ಬಿಜ್ಜಳನ ಕಾಲದ ಜನ ಏನು ಉಡುತ್ತಿದ್ದರು, ಕೇಶವನ್ನು ಹೇಗೆ ಕಟ್ಟುತ್ತಿದ್ದರು ಎಂದು ಕೇಳುವ ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಗ್ರಂಥ ಬೇಕಿಲ್ಲ. ಮೂರ್ತಿಶಿಲ್ಪದ ಅಲಂಕಾರ ದಿನದ ಉಡುಪಲ್ಲವೆಂಬ ಆಕ್ಷೇಪ ಸರಿಯೇ. ಆದರೂ ಅಂಗರಖಾಕ್ಕಿಂತ ಅದು ಸತ್ಯಕ್ಕೆ ಐದು ಶತಮಾನಗಳಷ್ಟು ಸಮೀಪವಾಗಿದೆ. ಪುಣೆಯಿಂದ ಖಿದ್ರಾಪುರಕ್ಕೆ ಒಂದು ದಿನದ ಪ್ರಯಾಣ. ಆ ಒಂದು ದಿನದ ಖರ್ಚನ್ನು ಯಾರು ಕೊಡಬೇಕಾಗಿತ್ತೆಂಬ ಪ್ರಶ್ನೆಯನ್ನು ಧೋರಣೆಯ ಚರ್ಚೆಯಲ್ಲಿ ಮುಳುಗಿದ ವಿಮರ್ಶಕರು ಕೇಳುವುದಿಲ್ಲ.

ಚಿತ್ರದಿಂದ ಕಥೆ ಹೇಳುವುದು ನಮಗೆ ಅಮೇರಿಕದಿಂದ ಬಂದ ವಿದ್ಯೆಯೆಂದು ತಿಳಿಯುವುದೂ ಸರಿಯಲ್ಲ. ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ ಮತ್ತು ಮರಣ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ದೇವರ ಸನ್ನಿಧಿ. ಮೂರು ಚೌಕಟ್ಟುಗಳ ಕಥೆ. ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ಸತ್ತವನು ಏರುತ್ತಾನೆ, ಓದುಗನ ಕಣ್ಣೂ ಅವನ ಸಂಗಡ ಏರುತ್ತದೆ. ಪುಟದ ವಿನ್ಯಾಸವೇ ಕಥೆಯ ಅರ್ಥವನ್ನು ಹೊರುವುದಕ್ಕೆ ಇದಕ್ಕಿಂತ ಶುದ್ಧವಾದ ನಿದರ್ಶನ ಈ ಕಾಲದ ಚಿತ್ರಕಥೆಗಳಲ್ಲಿ ನಮಗೆ ಕಂಡಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವರ್ಣಚಿತ್ರಗಳನ್ನು ತೋರಿಸಿ ಕಥೆ ಹೇಳುವ ಚಿತ್ರಕಥಕನ ಪ್ರಸ್ತಾಪವೇ ಇದೆ. ಅದೇ ಗ್ರಂಥದ ಚಿತ್ರಪ್ರಕರಣದಲ್ಲಿ ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಕ್ರಮವಿದೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಂತೆ ಹೊಸೆದು ವರ್ತಿಕೆಯನ್ನು ಮಾಡುವ ವಿಧಾನವಿದೆ. ವರ್ತಿಕೆಯಿಂದ ಮೊದಲು ಆಕಾರವನ್ನು ಗುರುತು ಹಾಕಿಕೊಂಡು ಆಮೇಲೆ ಬಣ್ಣಕ್ಕೂ ರೇಖೆಗೂ ಹೋಗಬೇಕು. ಸೀಸದಕಡ್ಡಿಯಿಂದ ಮಸಿಗೆ ಹೋಗುವ ಇಂದಿನ ಚಿತ್ರಕಾರನ ಕ್ರಮವನ್ನು ಸೋಮೇಶ್ವರನ ಚಿತ್ರಕಾರನು ಕೂಡಲೇ ಗುರುತಿಸುತ್ತಿದ್ದನು.

ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ಓಲೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಕ್ರಿಯಾಪದ ಒಂದೇ. ಮರಾಠಿಯಲ್ಲಿ ಅಕ್ಷರಕ್ಕೆ 'ಲಿಹಿಣೆ', ಚಿತ್ರಕ್ಕೆ 'ಕಾಢಣೆ'. ಎರಡು ಮಾತುಗಳನ್ನೂ ಆಡುವ ನಮ್ಮ ಭಾಗದ ಓದುಗರಿಗೆ ಇದು ಚಮತ್ಕಾರದ ಮಾತೆನಿಸಬಹುದು. ಆದರೆ ಈ ಎರಡು ಭಾಷೆಗಳ ಪ್ರಶ್ನೆ ಚಿತ್ರಕಥೆಯ ಪುಟದ ಮೇಲೆ ಬಹಳ ಸ್ಥೂಲವಾದ ರೂಪದಲ್ಲಿ ಬರುತ್ತದೆ. ಒಂದೇ ಕಥೆಯ ಕನ್ನಡದ ಪ್ರತಿಯನ್ನೂ ಮರಾಠಿಯ ಪ್ರತಿಯನ್ನೂ ಎದುರಿಗಿಟ್ಟುಕೊಂಡು ನೋಡಬೇಕು. ಅಚ್ಚಿನಲ್ಲಿ ಮಾತಿನ ಅಕ್ಷರಗಳಿರುವುದು ಕಪ್ಪು ಬಣ್ಣದ ಫಲಕದಲ್ಲಿ ಮಾತ್ರ. ಬೇರೆ ಬಣ್ಣಗಳ ಫಲಕಗಳನ್ನು ಹಾಗೆಯೇ ಉಳಿಸಿ ಕಪ್ಪು ಫಲಕವೊಂದನ್ನು ಬದಲಿಸಿದರೆ ಮತ್ತೊಂದು ಭಾಷೆಯ ಪುಸ್ತಕ ಸಿದ್ಧವಾಗುತ್ತದೆ. ಅಗ್ಗವೂ ಹೌದು, ಜಾಣತನವೂ ಹೌದು. ಆದರೆ ಮಾತಿನ ಗುಳ್ಳೆಯ ಅಳತೆಯನ್ನು ಚಿತ್ರಕಾರನು ಇಂಗ್ಲಿಷಿನ ಮಾತಿಗೆ ಹೊಂದಿಸಿ ಬಿಟ್ಟಿದ್ದಾನೆ. ಮರಾಠಿಯ ಸಂಯುಕ್ತಾಕ್ಷರಗಳು ಬಹುತೇಕ ಪಕ್ಕಕ್ಕೆ ಸೇರಿಕೊಳ್ಳುತ್ತವೆ. ಕನ್ನಡದ ಒತ್ತು ಕೆಳಗಿಳಿಯುತ್ತದೆ. 'ಶಾಸ್ತ್ರ', 'ರಾಷ್ಟ್ರ'ದಂಥ ಪದಗಳಲ್ಲಿ ಎರಡು ಒತ್ತುಗಳು ಬಂದು ಸಾಲಿಗೂ ಸಾಲಿಗೂ ನಡುವೆ ಹೆಚ್ಚಿನ ಎಡೆ ಬೇಡುತ್ತವೆ. ಫಲವೇನೆಂದರೆ ಅಕ್ಷರವನ್ನು ಸಣ್ಣದು ಮಾಡಬೇಕು, ಇಲ್ಲವೆ ಮಾತನ್ನು ಕತ್ತರಿಸಬೇಕು. ಕನ್ನಡ ಚಿತ್ರಕಥೆಗಳ ಸಂಭಾಷಣೆ ತಂತಿಯ ವರ್ತಮಾನದಂತೆ ಬಿಗಿದುಕೊಂಡಿದೆಯೆಂದು ಭಾಷಾಂತರಕಾರನನ್ನು ದೂರುವವರು ಈ ಗುಳ್ಳೆಯ ಅಳತೆಯನ್ನೂ ನೋಡಬೇಕೆಂದು ನಮ್ಮ ಸೂಚನೆ.

ಚಿತ್ರಕಾರರ ಗುಣದ ತಾರತಮ್ಯವನ್ನೂ ಎರಡು ಮಾತುಗಳಲ್ಲಿ ಹೇಳಬೇಕು. ವಾಯೀರ್ಕರರ ರೇಖೆ ತಿಳಿಯಾದುದು, ಚುರುಕಾದುದು. ಪ್ರಾಣಿಗಳಲ್ಲಿಯೂ ಹಾಸ್ಯದಲ್ಲಿಯೂ ಅದು ಅರಳುತ್ತದೆ. 1980ರಲ್ಲಿ ಆರಂಭವಾದ ಟಿಂಕಲ್ ಪತ್ರಿಕೆಯ ಸುಪ್ಪಂಡಿಯನ್ನು ರೂಪಿಸಿದ ಕೈಯೂ ಅವರದೇ. ಮುಳೀಕರಲ್ಲಿ ಕುದುರೆ, ಕೋಟೆ, ಯುದ್ಧದ ಸಂದಣಿಗಳು ಬಲವಾಗಿ ಬರುತ್ತವೆ. ಅವರ ವೀರರು ಮಾತ್ರ ಒಂದೇ ಗರಡಿಮನೆಯಿಂದ ಬಂದವರಂತೆ ಕಾಣುತ್ತಾರೆ. ಯೂಸುಫರ 'ಮೀರಾಬಾಯಿ'ಯಲ್ಲಿ ಶಾಂತವಾದ ಭಾವಕ್ಕೆ ಒದಗಿದ ಮೃದುವಾದ ಕೈಯಿದೆ. ಮೂವರಲ್ಲಿ ಇತಿಹಾಸದ ವಸ್ತುವಿವರಕ್ಕೆ ಯಾರು ಹೆಚ್ಚು ನಿಷ್ಠರೆಂದು ಕೇಳಿದರೆ, ಅದು ಅವರವರ ಗುಣಕ್ಕಿಂತ ಆಯಾ ಪುಸ್ತಕಕ್ಕೆ ದೊರೆತ ಆಧಾರಚಿತ್ರಗಳನ್ನು ಅವಲಂಬಿಸಿದೆಯೆಂದೇ ನಾವು ಹೇಳುತ್ತೇವೆ. ಶಿವಾಜಿಯ ಕಾಲಕ್ಕೆ ಬಂದಾಗ ಮಹಾರಾಷ್ಟ್ರದ ಚಿತ್ರಕಾರನಿಗೆ ಕೋಟೆಗಳು ಕಣ್ಣೆದುರಿಗಿವೆ, ಹಳೆಯ ಚಿತ್ರಗಳಿವೆ, ಉಡುಪಿನ ನೆನಪು ಮನೆಯಲ್ಲಿದೆ. ಕಲ್ಯಾಣಕ್ಕೆ ಬಂದಾಗ ಇವೊಂದೂ ಇಲ್ಲ.

ಈ ವೃತ್ತಿಗೆ ಬೇಕಾದ ಶಿಕ್ಷಣ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರು ನಡೆಯಿಸಿದ ಚಿತ್ರಮಂದಿರದಲ್ಲಿ ಕಲಿತ ರವಿ ಪರಾಂಜಪೆಯವರು ಮುಂಬಯಿಯಲ್ಲಿ ಚಿತ್ರಕಾರರಾಗಿ ದುಡಿದು ಹೆಸರು ಪಡೆದರು. 1935ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಅವರು 2022ರಲ್ಲಿ ತೀರಿಕೊಂಡರು. ಅವರದು ಚಿತ್ರಕಥೆಯ ಕ್ಷೇತ್ರವಲ್ಲ. ಜಾಹೀರಾತು, ಪುಸ್ತಕ, ಪತ್ರಿಕೆಗಳ ಕ್ಷೇತ್ರ. ಆದರೂ ಎದುರಿಗಿರುವ ಮನುಷ್ಯನನ್ನು, ಬೀದಿಯನ್ನು, ಸಂತೆಯನ್ನು ನೋಡಿ ಬರೆಯುವ ಅಭ್ಯಾಸ ಎರಡಕ್ಕೂ ತಳಹದಿ. ರಾಯಬಾಗದ ಸಂತೆಯಲ್ಲಿ ಎತ್ತಿನ ಕೊಂಬನ್ನೂ ಅಥಣಿಯ ಚಮ್ಮಾರನ ಬೆರಳುಗಳನ್ನೂ ನೋಡಿ ಬರೆದ ಹುಡುಗನಿಗೆ 12ನೆಯ ಶತಮಾನದ ಮಾದಾರನನ್ನೋ ಡೋಹರನನ್ನೋ ಬರೆಯುವಾಗ ಸಿನೆಮಾದ ಅಚ್ಚು ಬೇಕಾಗಲಿಕ್ಕಿಲ್ಲ. ಉಡುಪು ಬದಲಾಗಿದೆ; ಹೊಲಿಯುವವನು ಪಾದಗಳ ನಡುವೆ ತೊಗಲನ್ನು ಅದುಮಿ ಹಿಡಿಯುವ ರೀತಿ ಅಷ್ಟಾಗಿ ಬದಲಾಗಿರಲಾರದು.

ಇನ್ನು ಹೆಸರಿನ ಮತ್ತು ಒಡೆತನದ ಮಾತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೆತ್ತಿದರು. 13ನೆಯ ಶತಮಾನದ ಮಲ್ಲಿತಮ್ಮನ ಹೆಸರು ಹಲವು ಗುಡಿಗಳಲ್ಲಿ ಸಿಗುತ್ತದೆ. ರಾಜನ ಹಣದಿಂದ ಕೆಲಸ ಮಾಡಿದ ಆ ರೂವಾರಿಗಳಿಗೆ ದೊರೆತ ಸ್ಥಳ ಇಪ್ಪತ್ತನೆಯ ಶತಮಾನದ ಚಿತ್ರಕಾರನಿಗೆ ಒಳಪುಟದ ಸಣ್ಣ ಅಕ್ಷರಗಳಲ್ಲಿ, ಅದೂ ದೊರೆತರೆ ಉಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನಂತೆ ಕೃತಿಯ ಮೊದಲ ಒಡೆಯ ಕರ್ತೃವೇ. ಆದರೆ ಹಣ ಕೊಟ್ಟು ಹೇಳಿ ಬರೆಯಿಸಿದ ವರ್ಣಚಿತ್ರ, ಭಾವಚಿತ್ರಗಳ ವಿಷಯದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಒಡೆತನ ಬರೆಯಿಸಿದವನಿಗೆ ಹೋಗುತ್ತದೆ. ಚಿತ್ರಕಥೆಯ ಪುಟ ಈ ಮಾತಿನೊಳಗೆ ಬರುತ್ತದೆಯೆ ಎಂಬುದನ್ನು ನ್ಯಾಯಶಾಸ್ತ್ರಜ್ಞರು ಚರ್ಚಿಸಲಿ. ವ್ಯವಹಾರದಲ್ಲಿ ಒಪ್ಪಂದದ ಕಾಗದವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಮ್ಮೆ ಹಣ ಪಡೆದ ಪುಟ ಎಷ್ಟು ಸಲ, ಎಷ್ಟು ಭಾಷೆಗಳಲ್ಲಿ ಅಚ್ಚಾದರೂ ಅವನಿಗೆ ಮತ್ತೆ ಬರುವುದೇನೂ ಇರುವುದಿಲ್ಲ. 57ನೆಯ ಕಲಮು ಮಾತ್ರ ಒಡೆತನವನ್ನು ಮಾರಿದ ಮೇಲೆಯೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೆ ಉಳಿಸಿದೆ. ಆದ್ದರಿಂದ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ ಚಿತ್ರಕಥೆಯನ್ನು ಉಲ್ಲೇಖಿಸುವಾಗ ಪ್ರಕಾಶಕನ ಹೆಸರಿಗಿಂತ ಮೊದಲು ಚಿತ್ರಕಾರನ ಹೆಸರನ್ನು ಬರೆಯತಕ್ಕದ್ದೆಂದು ನಾವು ಆಗ್ರಹಿಸುತ್ತೇವೆ.

2006ರಲ್ಲಿ ವರ್ಜಿನ್ ಕಾಮಿಕ್ಸ್ ಸಂಸ್ಥೆ ಬೆಂಗಳೂರಿನ ಕಾರ್ಯಾಲಯದಲ್ಲಿ ಚಿತ್ರಕಥೆಗಳನ್ನು ಸಿದ್ಧಪಡಿಸತೊಡಗಿತು. ಇಂಥ ಕಾರ್ಯಾಲಯಗಳಲ್ಲಿ ಸೀಸದ ರೇಖೆ ಒಬ್ಬರದು, ಮಸಿ ಮತ್ತೊಬ್ಬರದು, ಬಣ್ಣ ಮೂರನೆಯವರದು. ಈಗಂತೂ ಹಾಳೆಯ ಬದಲು ಗಾಜಿನ ಫಲಕ. ಗುರುತು, ರೇಖೆ, ಬಣ್ಣ ಬೇರೆ ಬೇರೆ ಪದರಗಳಾಗಿ ಯಂತ್ರದಲ್ಲಿ ಕೂಡುತ್ತವೆ. ತಪ್ಪಿದ ರೇಖೆಯನ್ನು ಅಳಿಸಿದರೆ ಗುರುತೂ ಉಳಿಯುವುದಿಲ್ಲ. ಹಳೆಯ ಮೂಲಪುಟಗಳ ಸ್ಥಿತಿ ಹಾಗಲ್ಲ. ಬಿಳಿಯ ಬಣ್ಣದ ತೇಪೆಯ ಅಡಿಯಲ್ಲಿ ಮೊದಲಿನ ರೇಖೆ ಇನ್ನೂ ಇದೆ. ಅಂಚಿನಲ್ಲಿ ತಿದ್ದುವವರು ಸೀಸದಿಂದ ಗೀಚಿದ ಸೂಚನೆಯಿರುವುದುಂಟು. ಬೆಳಕಿಗೆ ಎದುರಾಗಿ ಹಿಡಿದರೆ ಕಮಾನಿಗಿಂತ ಮುಂಚೆ ಅಲ್ಲಿ ಏನಿತ್ತೆಂದು ಕಂಡೀತು. ತಾಳೆಗರಿಯನ್ನು ಓದುವಷ್ಟೇ ಎಚ್ಚರದಿಂದ ಈ ಪುಟಗಳನ್ನು ಓದಬಲ್ಲವರು ಬೇಕಾಗಿದ್ದಾರೆ. ಮುಂದಿನ ವರ್ಷದ ಸ್ನಾತಕೋತ್ತರ ಪ್ರಬಂಧಗಳ ವಿಷಯಪಟ್ಟಿಯಲ್ಲಿ ಇದನ್ನೂ ಸೇರಿಸಬೇಕೆಂದು ನಾವು ವಿಭಾಗಕ್ಕೆ ಸೂಚಿಸಿದ್ದೇವೆ.